ಸರಳಿನ ಮಗ್ಗುಲಿನ ಪೈಪು

ಗುರುಲಿಂಗವ್ವನವರ ಅಡುಗೆಮನೆಯ ಮೂಲೆಗೆ ಕಾಂಕ್ರೀಟು ಸುರಿದವಳು ನಾನು. ಆ ಮೂಲೆಯಲ್ಲಿ ತಪ್ಪಾಗಿದ್ದರೆ ಅದರಲ್ಲಿ ನನ್ನ ಕೈಯೂ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ ಜಗಳವನ್ನು ಕೇಳಿದವರು, ಹನಮವ್ವ ಬೇರೆಯವರ ತಪ್ಪು ಹುಡುಕಲು ಹೊರಟಿದ್ದಳು ಎಂದುಕೊಳ್ಳಬಾರದು.

ಎಂಬತ್ತಾರನೇ ಇಸವಿಯ ಬೇಸಿಗೆಯ ಮಾತು. ಅಣೆಕಟ್ಟಿನ ಹಿನ್ನೀರಿಗೆ ಮುಳುಗಲಿದ್ದ ಹಳೇ ಬಾಗಲಕೋಟೆಯಿಂದ ಏಳಬೇಕಾಗಿದ್ದ ಮನೆತನಗಳಲ್ಲಿ ಕೈಯಲ್ಲಿ ಶಕ್ತಿ ಇದ್ದವರು ನವನಗರದಲ್ಲಿ ಕಟ್ಟಿಸತೊಡಗಿದ್ದರು. ಗುರುಲಿಂಗವ್ವನವರ ಪ್ಲಾಟಿನ ಗುಣವೇ ಬೇರೆ. ಅರ್ಧ ಗಟ್ಟಿ ಗರಸು ನೆಲ, ಅರ್ಧ ಯರಿ ಎನ್ನುವ ಕಪ್ಪು ಮಣ್ಣು. ಯರಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಗರಸು ಅಲ್ಲಾಡುವುದಿಲ್ಲ. ಒಂದೇ ಮನೆ ಎರಡರ ಮೇಲೂ ಕೂತರೆ ಗೋಡೆ ನಡುವೆ ಸೀಳುತ್ತದೆ. ಹಾಗಾಗಿ ಇಂಜಿನಿಯರರು ನಾವು ಯಾರೂ ಕಟ್ಟಿರದ ನಮೂನೆಯ ಗೋಡೆ ಬರೆದುಕೊಟ್ಟಿದ್ದರು. ಸಿಮೆಂಟಿನ ಪೊಳ್ಳು ಬ್ಲಾಕು. ಒಂದೊಂದು ಬ್ಲಾಕಿಗೆ ಎರಡು ಪೊಳ್ಳು. ಒಂದರ ಮೇಲೊಂದು ಇಟ್ಟರೆ ಗೋಡೆಯೊಳಗೆ ಬಾವಿಯ ಹಾಗೆ ಉದ್ದಕ್ಕೆ ಇಳಿಯುತ್ತವೆ. ಮೂಲೆಗಳಲ್ಲಿ, ಬಾಗಿಲ ಎರಡೂ ಮಗ್ಗುಲಲ್ಲಿ, ಆ ಪೊಳ್ಳಿನೊಳಗೆ ಕಬ್ಬಿಣದ ಸರಳು ನಿಲ್ಲಿಸಿ ಸಣ್ಣ ಖಡಿಯ, ಅಂದರೆ ಜಲ್ಲಿಯ, ತೆಳುವಾದ ಕಾಂಕ್ರೀಟು ತುಂಬಬೇಕು. ಅದಕ್ಕೆ ನಾವು ರಾಡಿ ಎನ್ನುತ್ತಿದ್ದೆವು. ಉಳಿದ ಪೊಳ್ಳುಗಳು ಖಾಲಿ.

ನಮ್ಮ ಮಿಸ್ತ್ರಿ ದಸ್ತಗೀರಸಾಬರು, ಬಾದಾಮಿಯವರು. ಹದಿನಾಲ್ಕು ವರ್ಷ ಅವರ ಹಿಂದೆ ದುಡಿದಿದ್ದೆ. ಇಳಕಲ್ಲು, ಹುನಗುಂದ, ಅಮೀನಗಡ, ಎಲ್ಲಿ ಕೆಲಸ ಹಿಡಿದರೂ ಅಲ್ಲಿಗೆ. ಕಲ್ಲಿನ ಗೋಡೆಯಲ್ಲಿ ಅವರ ಸಮ ಯಾರನ್ನೂ ನಾನು ಕಂಡಿಲ್ಲ. ಎರಡು ಅಡಿ ದಪ್ಪದ ಗೋಡೆ ಎಬ್ಬಿಸಿ, ಆಮೇಲೆ ಮನೆಯವರು ಇಲ್ಲೊಂದು ಪೈಪು ಬೇಕು ಎಂದರೆ ಚಾಣ ಹಿಡಿದು ಕೆತ್ತಿ, ಕೂಡಿಸಿ, ಗಿಲಾವು ಎಳೆದುಬಿಡುತ್ತಿದ್ದರು. ಆ ಗೋಡೆಗೆ ಅದು ಸೊಳ್ಳೆ ಕಚ್ಚಿದ ಹಾಗೆ. ಈ ಹೊಸ ಗೋಡೆಯನ್ನು ಕಂಡರೆ ಅವರಿಗೆ ಸ್ವಲ್ಪ ನಗೆ.

"ಎಂಟ ಇಂಚಿನ ಗ್ವಾಡಿ. ಅದೂ ಒಳಗ ಪೊಳ್ಳ. ಇದಕ್ಕ ಗ್ವಾಡಿ ಅಂತಾರೇನ ಹನಮವ್ವಾ, ಪೆಟಗಿ ಅಂತಾರ."

"ಪೆಟಗ್ಯಾಗ ನಾವ ಇರೂದಲ್ಲ ಬಿಡ್ರಿ ಮಿಸ್ತ್ರಿ," ಎನ್ನುತ್ತಿದ್ದೆ.

ಪೈಪಿನ ಕಥೆ ಶುರುವಾದದ್ದು ಒಂದು ಭಾನುವಾರ. ಮಹಡಿಯ ಮೇಲೊಂದು ಬಚ್ಚಲು ಬರುವುದಿತ್ತು. ಅದರ ನೀರು ಎರಡಿಂಚಿನ ಕಬ್ಬಿಣದ ಪೈಪಿನಲ್ಲಿ ಅಡುಗೆಮನೆಯ ಗೋಡೆಯೊಳಗೆ ಇಳಿದು ಹೊರಗಿನ ಗಟಾರಕ್ಕೆ ಹೋಗಬೇಕು. ನಕ್ಷೆಯಲ್ಲಿ ಇದ್ದ ಹಾಗೆಯೇ ಪ್ಲಂಬರ್ ನಜೀರಸಾಬ ಅದನ್ನು ಖಾಲಿ ಪೊಳ್ಳಿನಲ್ಲಿ ನಿಲ್ಲಿಸಿದ್ದ. ಗೋಡೆ ಆಗಿನ್ನೂ ನಮ್ಮ ಎದೆಮಟ್ಟ. ಗುರುಲಿಂಗವ್ವನವರು ಸೀರೆಯ ನಿರಿಗೆ ಎತ್ತಿ ಹಿಡಿದು ಉಸುಕು ದಾಟಿ ಒಳಗೆ ಬಂದರು. ಅರವತ್ತರ ಹೆಂಗಸು. ಗಂಡ ಇಲ್ಲ, ಇಬ್ಬರು ಮಕ್ಕಳು ಅಂಗಡಿ ನೋಡಿಕೊಳ್ಳುತ್ತಿದ್ದರು, ಮನೆ ಕಟ್ಟಿಸುವ ಹೊಣೆ ಪೂರ್ತಿ ಇವರದೇ. ಪೈಪಿನ ಬಾಯಿಗೆ ಬಗ್ಗಿ ನೋಡಿ ಮಿಸ್ತ್ರಿಯನ್ನು ಕೇಳಿದರು.

"ಇದ ಎಲ್ಲಿಂದ ಬರತೈತಿ ಸಾಬಣ್ಣಾ?"

"ಮ್ಯಾಲಿನ ಬಚ್ಚಲದ್ದರಿ ಅವ್ವಾರ."

"ಮತ್ತ ನಮ್ಮ ದೇವರ ಜಗಲಿ?"

"ಇಲ್ಲೇ ರಿ, ಇದರ ಮುಂದ."

ಗುರುಲಿಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅಂದ್ರ ಮಂದಿ ಮೈ ತೊಳಕೊಂಡ ನೀರು ನಮ್ಮ ದೇವರ ಬೆನ್ನಿಗೆ ಹತ್ತಿ ಹರೀಬೇಕ?"

"ಗ್ವಾಡಿ ಒಳಗ ಇರತೈತ್ರಿ. ಕಾಣೂದಿಲ್ಲ."

"ನಮಗ ಕಾಣೂದಿಲ್ಲ. ದೇವರಿಗೆ?"

ಅವ್ವಾರು ಸಿಟ್ಟಿನಿಂದ ಹೇಳಲಿಲ್ಲ, ಬೇಸರದಿಂದ ಹೇಳಿದರು. ಅದಕ್ಕೇ ಮಿಸ್ತ್ರಿಗೆ ಹೆಚ್ಚು ತಾಗಿತು. ಅವರು ಹೋದ ಮೇಲೆ ನಜೀರಸಾಬನನ್ನು ಕರೆದು, "ಅದನ್ನ ಕಿತ್ತು ಮೂಲಿಗೆ ಹಾಕ," ಎಂದರು. "ನಾ ಮುಸಲ್ಮಾನ ಮನಷ್ಯಾ. ನನ್ನ ಕೈಲೆ ಅವರ ದೇವರಿಗೆ ಮೈಲಿಗಿ ಆತು ಅಂತ ನಾಳೆ ಯಾರೂ ಅನಬಾರದು."

"ಮೂಲ್ಯಾಗ ಸರಳದಾವಲ್ಲ ಮಿಸ್ತ್ರಿ," ನಜೀರಸಾಬ ಅಂದ.

"ಇದ್ದರ ಇರಲಿ. ಸರಳಿಗೆ ಪೈಪ ಏನ ಕಚ್ಚತೈತೇನ? ಅದೂ ಕಬ್ಬಿಣ, ಇದೂ ಕಬ್ಬಿಣ. ಜೋಡಿ ನಿಂತ್ರ ಮೂಲಿಗೆ ಇನ್ನಷ್ಟು ಗಟ್ಟಿ."

ನಮಗೆಲ್ಲ ಆ ಮಾತು ಖರೆ ಅನ್ನಿಸಿತು. ಕಬ್ಬಿಣಕ್ಕೆ ಕಬ್ಬಿಣ ಸೇರಿದರೆ ಗಟ್ಟಿಯಾಗದೆ ಮತ್ತೇನು? ಪೈಪು ಎರಡು ಗೇಣು ಆಚೆ ಸರಿದು ಮೂಲೆಯ ಪೊಳ್ಳಿಗೆ ಹೋಯಿತು.

ಸೋಮವಾರ ರಾಡಿ ಸುರಿಯುವ ಕೆಲಸ. ಅದು ನನ್ನದು. ಅಟ್ಟಣಿಗೆ ಏರಿ, ಎಣ್ಣೆ ಡಬ್ಬಿಯಲ್ಲಿ ತುಂಬಿ ಸುರಿಯುವುದು, ಉದ್ದನೆಯ ಸರಳಿನಿಂದ ಕುಟ್ಟಿ ಕುಟ್ಟಿ ಕೆಳಗಿಳಿಸುವುದು. ಎದೆಮಟ್ಟದ ಒಂದು ಪೊಳ್ಳಿಗೆ ಆರು ಡಬ್ಬಿ ಹಿಡಿಯುತ್ತಿತ್ತು. ಮೊದಲ ಮೂಲೆಗೆ ಆರು, ಎರಡನೆಯದಕ್ಕೆ ಆರು, ಬಾಗಿಲ ಮಗ್ಗುಲಿಗೂ ಆರು. ಅಡುಗೆಮನೆಯ ಮೂಲೆಗೆ ಮೂರೂವರೆ ಡಬ್ಬಿಗೇ ರಾಡಿ ಮೇಲಕ್ಕೆ ಬಂದು ನಿಂತಿತು. ಸರಳು ಹಾಕಿ ಕುಟ್ಟಿದೆ. ಸ್ವಲ್ಪ ಇಳಿದು ಯಾವುದಕ್ಕೋ ತಗುಲಿ ನಿಂತಿತು.

"ಮಿಸ್ತ್ರಿ, ಇದಕ್ಕ ಮೂರೂವರಿನ ಹಿಡೀತು."

"ಒಳಗ ಪೈಪ ಐತಲ್ಲ. ಜಾಗಾ ಅದು ತಿಂದೈತಿ. ಮುಂದಿನದ ನೋಡ."

ಮುಂದಿನದು ನೋಡಿದೆ. ನನ್ನ ತಪ್ಪು ಅಲ್ಲಿದೆ. ಕೈಗೆ ಅನುಮಾನ ಬಂದಿತ್ತು, ಬಾಯಿ ಸುಮ್ಮನಾಯಿತು. ಮಂಗಳವಾರ ಗೋಡೆ ಮೇಲಕ್ಕೆ ಎದ್ದಿತು, ಮತ್ತೆ ರಾಡಿ ಬಿತ್ತು, ಬುಧವಾರ ಸ್ಲ್ಯಾಬಿನ ಹಲಗೆಗಳನ್ನು ಹೊಡೆಯುವವರು ಬಂದರು. ಶುಕ್ರವಾರ ಸ್ಲ್ಯಾಬು. ಅದರ ತೊಲೆಯ ಒಂದು ತುದಿ ನೆಟ್ಟಗೆ ಆ ಮೂಲೆಯ ಮೇಲೆ ಕೂರುವುದಿತ್ತು. ಅದರ ಮೇಲೆ ಬಚ್ಚಲು, ಬಚ್ಚಲ ಮೇಲೆ ನೀರಿನ ಟಾಕಿ.

ಸಿಮೆಂಟಿನ ಶೆಡ್ಡಿನ ಬಾಗಿಲಿಗೆ ಓವರ್‌ಸಿಯರ್ ಬಸಯ್ಯನವರು ಒಂದು ಹಾಳೆ ಬಡಿದಿದ್ದರು. ಈ ಗೋಡೆಯ ಕಟ್ಟಳೆಗಳನ್ನು ಗೌಂಡಿಗಳಿಗೆ ತಿಳಿಯಲೆಂದು ಕನ್ನಡಕ್ಕೆ ಇಳಿಸಿ, ಒಂಬತ್ತು ಅಂಶ ಮಾಡಿ, ಸೈಕ್ಲೋಸ್ಟೈಲ್ ಮಾಡಿಸಿ ತಂದಿದ್ದು. ಮಿಸ್ತ್ರಿಗೆ ಓದಲು ಬರುತ್ತಿರಲಿಲ್ಲ. ಓದಲು ಬರುತ್ತಿದ್ದ ಹುಡುಗರು ಅದರ ಮೇಲೆ ಸುಣ್ಣದ ಕೈ ಒರೆಸಿದ್ದರು. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಹುನಗುಂದದಲ್ಲಿ ಕೆಲಸ ನಡೆದಿದ್ದಾಗ, ರಾತ್ರಿ ಶಾಲೆಯಲ್ಲಿ. ಓದುವುದು ನಿಧಾನ. ರೊಟ್ಟಿ ತಿನ್ನುವ ಹೊತ್ತಿನಲ್ಲಿ ದಿನಕ್ಕೊಂದು ಅಂಶ ಓದುತ್ತಿದ್ದೆ, ಒತ್ತಕ್ಷರ ಬಂದಲ್ಲಿ ಬೆರಳಿಟ್ಟು ನಿಲ್ಲುತ್ತಿದ್ದೆ. ಬುಧವಾರ ಐದನೆಯದು. ಅದರಲ್ಲಿ ಹೀಗಿತ್ತು:

'ಸರಳು ನಿಲ್ಲಿಸಿ ಕಾಂಕ್ರೀಟು ತುಂಬುವ ಪೊಳ್ಳಿನಲ್ಲಿ ನೀರಿನ ಪೈಪು ಇಡಕೂಡದು. ಖಾಲಿ ಬಿಡುವ ಪೊಳ್ಳಿನಲ್ಲಿ ಇಡಬಹುದು. ಗೋಡೆಯನ್ನು ಅಡ್ಡ ದಾಟುವ ಪೈಪಿಗೆ, ಅದರ ಜೋಡಣೆಯ ಉಬ್ಬು ಸಹ ಸಲೀಸಾಗಿ ಹಾಯುವಷ್ಟು ದೊಡ್ಡ ಹೊರಕೊಳವೆ ಕೂಡಿಸಬೇಕು. ಎರಡು ಹೊರಕೊಳವೆಗಳ ನಡುವೆ ಅವುಗಳ ಅಗಲದ ಮೂರು ಪಟ್ಟಿಗಿಂತ ಕಡಿಮೆ ಅಂತರ ಇರಕೂಡದು.'

ಎರಡು ಸಲ ಓದಿದೆ. ಮೂರನೇ ಸಲ ರೊಟ್ಟಿ ಕೆಳಗಿಟ್ಟು ಓದಿದೆ.

ಮಿಸ್ತ್ರಿ ಬೇವಿನ ನೆರಳಿನಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದರು. ಹೋಗಿ ಹೇಳಿದೆ. ಅವರು ಮೊದಲು ನಕ್ಕರು. "ನಾಕ ಅಕ್ಷರ ಕಲ್ತು ಓವರಸೀರ ಆದಿಯೇನ ಯವ್ವಾ?"

"ನಾ ಆಗಿಲ್ರಿ. ಬರದಾವರು ಓವರಸೀರರ."

"ಅವರು ಬರೀತಾರ. ಬರ್ಯಾಕ ಏನ ಖರ್ಚೈತಿ? ಅವ್ವಾರ ಜಗಲಿ ಹಿಂದ ಪೈಪ ಬ್ಯಾಡಂದ್ರು. ಹಾಳ್ಯಾಗ ಅದಕ್ಕೇನರ ಬರದೈತೇನ?"

"ಇಲ್ಲ."

"ಹಂಗಾರ ಸುಮ್ಮನಿರು."

"ಮಿಸ್ತ್ರಿ, ಮೂರೂವರಿ ಡಬ್ಬಿ ಹಿಡದೈತಿ. ಪೈಪ ಎರಡೂವರಿ ಡಬ್ಬಿ ಜಾಗಾ ತಿಂತೈತೇನ? ಒಳಗ ಎಲ್ಲೋ ಖಾಲಿ ಉಳದೈತಿ. ಸ್ಲ್ಯಾಬ ಬೀಳೂದರೊಳಗ ಒಡದ ನೋಡ್ರಿ."

ಒಡೆದು ಎಂದ ಕೂಡಲೆ ಅವರ ಮುಖ ಬಿಗಿಯಿತು. ಮೂವತ್ತು ವರ್ಷದಲ್ಲಿ ಅವರು ಕಟ್ಟಿದ ಒಂದು ಗೋಡೆಯನ್ನೂ ಯಾರೂ ಒಡೆಸಿರಲಿಲ್ಲ. "ನನ್ನ ಗ್ವಾಡಿ ಒಡೀಬೇಕಂದ್ರ ನೀ ಬ್ಯಾರೆ ಮಿಸ್ತ್ರಿ ಹುಡಕ್ಕೊ," ಎಂದು ಬೀಡಿ ನೆಲಕ್ಕೆ ಒರೆಸಿ ಎದ್ದು ಹೋದರು.

ಹದಿನಾಲ್ಕು ವರ್ಷದ ಕೆಲಸ ಒಂದು ಮಾತಿಗೆ ಹೋಗಬಹುದು ಎಂದು ತಿಳಿಯಿತು. ಆದರೆ ಸ್ಲ್ಯಾಬು ಬಿದ್ದರೆ ಆ ಮೂಲೆಯನ್ನು ಮತ್ತೆ ಯಾರೂ ನೋಡುವುದಿಲ್ಲ. ಟಾಕಿ ತುಂಬುತ್ತದೆ, ಮಳೆಗೆ ಯರಿ ಉಬ್ಬುತ್ತದೆ, ಕೆಳಗೆ ಗುರುಲಿಂಗವ್ವ ಒಲೆಯ ಮುಂದೆ ಕೂತಿರುತ್ತಾರೆ. ಬೇರೆ ಮಿಸ್ತ್ರಿ ಸಿಗಬಹುದು, ಸಿಗದಿರಬಹುದು. ಗೋಡೆಗೆ ಇದ್ದದ್ದು ಒಂದೂವರೆ ದಿನ.

ಗುರುವಾರ ಮುಂಜಾನೆ ನಾನು ಬಂದ ಕೂಡಲೆ ಕೆಲಸ ಹಿಡಿಯಲಿಲ್ಲ. ನಜೀರಸಾಬನ ಕಡೆಯಿಂದ ಅದೇ ಎರಡಿಂಚಿನ ಪೈಪಿನ, ಎದೆಮಟ್ಟದ ಉದ್ದದ ತುಂಡೊಂದನ್ನು ಇಸಿದುಕೊಂಡೆ. ಒಂದು ಬಾಯಿಗೆ ಅರಿವೆ ತುರುಕಿ ಮಣ್ಣು ಮೆತ್ತಿ, ಗೋಡೆಗೆ ಆನಿಸಿ ನಿಲ್ಲಿಸಿ, ನೀರು ತುಂಬಿದೆ. ಆಮೇಲೆ ಆ ನೀರನ್ನು ರಾಡಿ ಸುರಿಯುವ ಡಬ್ಬಿಗೆ ಬಗ್ಗಿಸಿದೆ. ಡಬ್ಬಿ ಮುಕ್ಕಾಲೂ ತುಂಬಲಿಲ್ಲ.

ಬಸಯ್ಯನವರು ಸೈಕಲ್ಲಿನ ಮೇಲೆ ಬಂದಾಗ ಆ ಡಬ್ಬಿ ಹಿಡಿದು ದಾರಿಗೆ ಅಡ್ಡ ನಿಂತೆ. ಎಳೆ ವಯಸ್ಸಿನವರು, ಒಳ್ಳೆಯವರು, ಸದಾ ಅವಸರ.

"ಏನಬೇ ಹನಮವ್ವಾ, ಬೆಳಿಗ್ಗೆ ಬೆಳಿಗ್ಗೆ ನೀರ ಹಿಡಕೊಂಡ ನಿಂತಿ. ನನ್ನ ಪಾದಾ ತೊಳ್ಯಾಕೇನ?"

"ಪಾದಾ ಆಮ್ಯಾಲ ತೊಳೀತೇನ್ರಿ ಸಾಹೇಬರ. ಇದ ನೋಡ್ರಿ. ಪೈಪ ತಿನ್ನೂ ಜಾಗಾ ಇಷ್ಟ. ಪೈಪಿನ ದಪ್ಪಾ ಕೂಡಸಿ ಒಂದ ಡಬ್ಬಿ ಅನ್ರಿ. ಆರರಾಗ ಒಂದ ಹ್ವಾದ್ರ ಐದ. ನಾ ಸುರದದ್ದು ಮೂರೂವರಿ. ಒಂದೂವರಿ ಡಬ್ಬಿ ರಾಡಿ ಎಲ್ಲಿ ಹೋತು?"

ಬಸಯ್ಯ ಸೈಕಲ್ಲಿನಿಂದ ಇಳಿಯಲೇ ಇಲ್ಲ, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದರು. "ಯಾವ ಪೈಪ?"

"ಮೂಲ್ಯಾಗಿಂದು."

"ಮೂಲ್ಯಾಗ ಪೈಪ ಎಲ್ಲೈತಿ? ನಕ್ಷೆದಾಗ ಜಗಲಿ ಹಿಂದ ಐತಿ."

"ನಕ್ಷೆದಾಗ ಐತ್ರಿ. ಗ್ವಾಡ್ಯಾಗ ಮೂಲ್ಯಾಗೈತಿ."

ಆಗ ಇಳಿದರು. ಸೈಕಲ್ಲು ಸ್ಟ್ಯಾಂಡಿಗೆ ಹಾಕಲು ಮರೆತರು. ಅದು ಉಸುಕಿನ ಮೇಲೆ ಬಿತ್ತು.

ಅಡುಗೆಮನೆಯಲ್ಲಿ ಹತ್ತು ಜನ ಸೇರಿದರು. ಮಿಸ್ತ್ರಿ ಕೈ ಕಟ್ಟಿ ನಿಂತಿದ್ದರು, ನನ್ನ ಕಡೆ ನೋಡಲಿಲ್ಲ. ಬಸಯ್ಯ ಸುತ್ತಿಗೆಯ ಹಿಡಿಯಿಂದ ಮೂಲೆಯನ್ನು ಕೆಳಗಿನಿಂದ ಮೇಲಿನ ತನಕ ಬಡಿದು ನೋಡಿದರು. ಹಸಿ ಗೋಡೆ, ದನಿ ಎಲ್ಲ ಕಡೆ ಒಂದೇ ನಮೂನೆ. ಅವರ ಮನಸ್ಸು ತೂಗಾಡುತ್ತಿತ್ತು. ಮರುದಿನ ಮುಂಜಾನೆಗೆ ಸ್ಲ್ಯಾಬಿನ ಮಂದಿಗೆ ಹೇಳಿಯಾಗಿತ್ತು, ಕಾಂಕ್ರೀಟು ಕಲಸುವ ಯಂತ್ರ ಬರುವುದಿತ್ತು. "ಸ್ವಲ್ಪ ಹೆಚ್ಚು ಕಡಿಮಿ ಇರತೈತಿ ಬಿಡು," ಎನ್ನುವ ಮಾತು ಅವರ ತುಟಿಯ ತನಕ ಬಂದಿದ್ದು ನನಗೆ ಕಂಡಿತು.

"ಒಂದ ಬ್ಲಾಕ ಒಡೀರಿ ಸಾಹೇಬರ," ಎಂದೆ. "ತುಂಬಿದ್ರ ನಾನ ಅದನ್ನ ಮುಚ್ಚಿ, ನನ್ನ ಬುಟ್ಟಿ ತಗೊಂಡು ಮರೋಳಕ್ಕ ಹೋಗತೇನಿ. ಮತ್ತ ಈ ಮಿಸ್ತ್ರಿ ಕೆಲಸಕ್ಕ ಬರೂದಿಲ್ಲ."

ಮರೋಳ ನನ್ನ ತವರು, ಅಮೀನಗಡದ ಬಸ್ಸು ಹಿಡಿದು ಹೋಗಬೇಕು. ಅಲ್ಲಿ ನನ್ನ ತಮ್ಮನ ಕುರಿ ಕಾಯುವುದಲ್ಲದೆ ಬೇರೆ ಕೆಲಸ ನನಗಿರಲಿಲ್ಲ.

ಮಿಸ್ತ್ರಿ ಮೊದಲ ಸಲ ತಲೆ ಎತ್ತಿದರು. "ಕೇಳಿದ್ರಲ್ಲ ಸಾಹೇಬರ? ಒಡೀರಿ. ಆಕಿ ಮಾತಿನ ಮ್ಯಾಲ ಆಕಿ ನಿಲ್ಲಲಿ."

"ಎಲ್ಲಿ ಒಡೀಲಿ?" ಎಂದ ನಜೀರಸಾಬ ಚಾಣ ಹಿಡಿದು.

ನಾನು ಯೋಚಿಸಿದ್ದು ಹೀಗೆ: ಪೈಪು ಕೆಳಗೆ ಬಾಗಿ ಹೊರಗೆ ಹೋಗುತ್ತದೆ, ಆ ಬಾಗಿನ ಕೆಳಗೆ ರಾಡಿ ಇಳಿದಿರಲಿಕ್ಕಿಲ್ಲ. ಎಲ್ಲಕ್ಕೂ ಕೆಳಗಿನ ಬ್ಲಾಕನ್ನು ತೋರಿಸಿದೆ. ನಜೀರಸಾಬ ಚಾಣ ಇಟ್ಟು ಹೊಡೆದ. ಬ್ಲಾಕಿನ ಮುಖದ ಸಿಪ್ಪೆ ಎದ್ದಿತು. ಒಳಗೆ ಕಾಂಕ್ರೀಟು. ಬೂದು ಬಣ್ಣದ, ಗಟ್ಟಿಯಾದ, ಎಳ್ಳಷ್ಟೂ ಸಂದಿಲ್ಲದ ಕಾಂಕ್ರೀಟು.

ಯಾರೋ ಕಿಸಕ್ಕೆಂದರು. ಹಲಗೆ ಹೊಡೆಯುವವನೊಬ್ಬ, "ಅಮೀನಗಡದ ಬಸ್ಸು ಹನ್ನೊಂದಕ್ಕೈತಿ ನೋಡ ಅಬ್ಬೆ, ಬುಟ್ಟಿ ತಗೋ," ಎಂದ. ಉಳಿದವರೂ ನಕ್ಕರು. ಬಸಯ್ಯ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮಿಸ್ತ್ರಿ ಮಾತ್ರ ನಗಲಿಲ್ಲ. "ಆತಲ್ಲ," ಎಂದಷ್ಟೇ ಹೇಳಿ ಹೊರಡಲು ತಿರುಗಿದರು.

ನಾನು ಬುಟ್ಟಿಯ ಕಡೆ ನೋಡಿದೆ ಕೂಡ. ಆದರೆ ಒಂದೂವರೆ ಡಬ್ಬಿ ರಾಡಿಯ ಲೆಕ್ಕ ಹಾಗೇ ಉಳಿದಿತ್ತು. ನಕ್ಕರೆ ಅದು ತುಂಬುವುದಿಲ್ಲ. ಕೆಳಗೆ ಇಲ್ಲ ಎಂದರೆ ಮೇಲೆ ಎಲ್ಲೋ ಇರಬೇಕು. ಕಣ್ಣು ಮುಚ್ಚಿ ಐದನೆಯ ಅಂಶವನ್ನು ಮನಸ್ಸಿನಲ್ಲೇ ಮತ್ತೆ ಓದಿದೆ, ಅಕ್ಷರ ಅಕ್ಷರವಾಗಿ. ಪೈಪು. ಖಾಲಿ ಪೊಳ್ಳು. ಜೋಡಣೆಯ ಉಬ್ಬು. ಅಲ್ಲಿ ನಿಂತೆ.

"ನಜೀರಸಾಬ, ನೀ ಮೂಲ್ಯಾಗ ಒಂದ ಪೈಪ ಹಾಕಿದೆಯೋ ಎರಡ ಜೋಡಿಸಿ ಹಾಕಿದೆಯೋ?"

"ಎರಡ. ಕೆಳಗ ಒಂದ ತುಂಡ, ಮ್ಯಾಲ ಉದ್ದಂದು."

"ಜೋಡಿಸಿದ್ದ ಎಲ್ಲಿ ಬಂತು?"

ಅವನು ಗೋಡೆಗೆ ಬೆನ್ನು ಕೊಟ್ಟು ನಿಂತು ತನ್ನ ಸೊಂಟ ಮುಟ್ಟಿಕೊಂಡ. "ಇಲ್ಲಿ."

"ಜೋಡಣಿ ಮ್ಯಾಲ ಉಬ್ಬು ಇರತೈತಿ, ಹೌದಲ್ಲ? ಪೈಪಿಗಿಂತ ದಪ್ಪ?"

"ಹೌದು, ಇಷ್ಟ." ಬೆರಳುಗಳನ್ನು ಅಗಲಿಸಿ ತೋರಿಸಿದ. ತೋರಿಸುತ್ತ ಅವನ ಮುಖ ಸಣ್ಣದಾಯಿತು.

"ಮಿಸ್ತ್ರಿ," ಎಂದೆ, "ಬುನಾದಿಯಿಂದ ಎದ್ದ ಸರಳಿಗೆ ಮ್ಯಾಲಿನ ಸರಳ ಜೋಡಿಸಿ ತಂತಿ ಬಿಗದದ್ದು ಎಷ್ಟ ಎತ್ತರಕ್ಕ?"

ಮಿಸ್ತ್ರಿ ಬಾಗಿಲಲ್ಲಿ ನಿಂತರು. "ಸೊಂಟಮಟ್ಟ," ಎಂದರು.

ಅದೇ ಎತ್ತರದಲ್ಲಿ ಎರಡು ಸರಳು, ತಂತಿ, ಪೈಪಿನ ಉಬ್ಬು. ಗೇಣಗಲದ ಪೊಳ್ಳು. ರಾಡಿ ಸುರಿದಾಗ ಮೊದಲು ಬಿದ್ದ ನೀರುನೀರಾದ ಡಬ್ಬಿಗಳು ಸಂದಿಯಿಂದ ನುಸುಳಿ ಕೆಳಗೆ ತುಂಬಿವೆ. ಮುಂದಿನದು ದಪ್ಪಗಿತ್ತು, ಖಡಿ ಅಲ್ಲಿ ಕಚ್ಚಿಕೊಂಡು ಮುಚ್ಚಳ ಹಾಕಿದೆ. ನಾನು ಅದರ ಮೇಲೆ ಮೇಲೆ ಸುರಿದಿದ್ದೇನೆ. ಇದನ್ನೆಲ್ಲ ಇಷ್ಟು ಚೆನ್ನಾಗಿ ಆಗ ಹೇಳಲಿಲ್ಲ. "ಅದರ ಕೆಳಗಿಂದ ಬ್ಲಾಕ ಒಡಿ," ಎಂದೆ, ಅಷ್ಟೇ.

"ಇನ್ನೆಷ್ಟ ಒಡಸ್ತಿ ಹನಮವ್ವಾ?" ಬಸಯ್ಯ ಬೇಸತ್ತಿದ್ದರು. "ಒಂದ ಅಂದಿದ್ದಿ."

"ಒಂದ ಅಂದಿದ್ದೆ. ತಪ್ಪಿದೆ. ಇನ್ನೊಂದ ಒಡೀರಿ. ಅಲ್ಲೂ ಇರಲಿಲ್ಲಂದ್ರ ಮೂರನೇದ್ದು ಕೇಳತೇನಿ. ಒಂದೂವರಿ ಡಬ್ಬಿ ಸಿಗೂ ತನಕಾ ಕೇಳತೇನಿ."

ನಜೀರಸಾಬ ಮಿಸ್ತ್ರಿಯ ಮುಖ ನೋಡಿದ. ಮಿಸ್ತ್ರಿ ಬಂದು ಅವನ ಕೈಯಿಂದ ಚಾಣ ತೆಗೆದುಕೊಂಡರು. ತಾವೇ ಮೊಣಕಾಲೂರಿ ಕೂತು ಎರಡು ಪೆಟ್ಟು ಹಾಕಿದರು. ಮೂರನೆಯ ಪೆಟ್ಟಿಗೆ ಚಾಣ ಒಳಗೆ ಹೋಯಿತು. ಹಿಡಿಯ ತನಕ ಹೋಯಿತು. ಸಿಪ್ಪೆ ಕಳಚಿ ನೆಲಕ್ಕೆ ಬಿದ್ದಾಗ ಒಳಗೆ ಕತ್ತಲೆ.

ಮಿಸ್ತ್ರಿ ಕೈ ಹಾಕಿದರು. ಮೊಣಕೈವರೆಗೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಒಂದೂವರೆ ಅಡಿ ಉದ್ದ, ಸರಳು ಬರಿ ಮೈಯಲ್ಲಿ ನಿಂತಿತ್ತು, ಅದರ ಮಗ್ಗುಲಿಗೆ ಅಂಟಿಕೊಂಡು ಪೈಪು. ಅವರು ಕೈ ಹೊರಗೆ ತೆಗೆದು, ಬೆರಳಿಗೆ ಹತ್ತಿದ ಒಣ ಪುಡಿಯನ್ನು ನೋಡುತ್ತ ಕೂತರು. ಯಾರೂ ನಗಲಿಲ್ಲ. ನನಗೂ ಗೆದ್ದ ಹಾಗೆ ಅನ್ನಿಸಲಿಲ್ಲ; ಆ ಖಾಲಿ ಜಾಗದ ಮೇಲೆ ಕುಟ್ಟಿ ಕುಟ್ಟಿ ಮುಚ್ಚಿದ್ದು ನನ್ನದೇ ಕೈ.

ಅಷ್ಟರಲ್ಲಿ ಗುರುಲಿಂಗವ್ವ ಬಂದರು. ಸ್ಲ್ಯಾಬಿನ ಪೂಜೆಗೆಂದು ತೆಂಗಿನಕಾಯಿ, ಮಂದಿಗೆ ಹಂಚಲು ಕರದಂಟಿನ ಪೊಟ್ಟಣ ತಂದಿದ್ದರು. ಗೋಡೆಯಲ್ಲಿ ಎರಡು ಬಾಯಿ ಬಿದ್ದದ್ದು ನೋಡಿ ಪೊಟ್ಟಣ ಹಿಡಿದೇ ನಿಂತರು.

ಬಸಯ್ಯ ಗಂಟಲು ಸರಿಪಡಿಸಿಕೊಂಡು, "ಏನಿಲ್ರಿ ಅವ್ವಾರ, ಈ ಕಿಂಡಿಯೊಳಗಿಂದ ರಾಡಿ ತುಂಬಿ ಮುಚ್ಚತೇವಿ. ನಾಳಿಗೆ ಸ್ಲ್ಯಾಬ ಆಗತೈತಿ," ಎಂದರು.

ಅದು ಸುಲಭದ ದಾರಿ. ಎಲ್ಲರ ಮುಖದಲ್ಲೂ ಸ್ವಲ್ಪ ಜೀವ ಬಂತು. ಸುಮ್ಮನಿದ್ದಿದ್ದರೆ ನನ್ನ ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

"ತುಂಬಬಹುದ್ರಿ," ಎಂದೆ. "ಆದ್ರ ಪೈಪ ಅಲ್ಲೇ ಉಳೀತೈತಿ. ಹಾಳ್ಯಾಗ ಇಡಕೂಡದು ಅಂತ ಐತಿ. ಖಾಲಿ ಉಳದದ್ದ ಒಂದ ತಪ್ಪು. ಪೈಪ ಇದ್ದದ್ದ ಇನ್ನೊಂದ. ನಾಳೆ ಆ ಜೋಡಣಿ ಸೋರಿದ್ರ ಯಾರಿಗೆ ಗೊತ್ತಾಗತೈತಿ? ಸರಳ ಒಳಗಿಂದೊಳಗ ತುಕ್ಕ ಹಿಡದು ಉಬ್ಬತೈತಿ. ರಿಪೇರಿ ಮಾಡಬೇಕಂದ್ರ ಮೂಲಿನ ಕೆಡವಬೇಕು, ಆವಾಗ ಮ್ಯಾಲ ಟಾಕಿ ಇರತೈತಿ."

"ಅಂದ್ರ?" ಎಂದರು ಗುರುಲಿಂಗವ್ವ.

"ಅಂದ್ರ ಮೂಲಿ ಬಿಚ್ಚಬೇಕ್ರಿ. ಕೆಳಗಿನ ತನಕಾ."

"ಆಕಿ ಹೇಳೂದು ಖರೆ ಏನ ಬಸಯ್ಯಾ?"

ಬಸಯ್ಯ ತಮ್ಮ ಹಾಳೆಯನ್ನು ತಾವೇ ಬರೆದಿದ್ದರು. ಇಲ್ಲ ಎನ್ನುವಂತಿರಲಿಲ್ಲ. "ಖರೆ ಐತ್ರಿ," ಎಂದರು ನೆಲ ನೋಡುತ್ತ.

ಗುರುಲಿಂಗವ್ವ ಮಿಸ್ತ್ರಿಯ ಕಡೆ ತಿರುಗಿದರು. "ಸಾಬಣ್ಣಾ, ನೀವ್ಯಾಕ ಅದನ್ನ ಮೂಲ್ಯಾಗ ಹಾಕಿದ್ರಿ? ಮೂಲ್ಯಾಗ ಹಾಕ್ರಿ ಅಂತ ನಾ ಅಂದಿದ್ದೆನೇನ?"

"ಇಲ್ರಿ ಅವ್ವಾರ." ಮಿಸ್ತ್ರಿ ಇನ್ನೂ ಕೂತೇ ಇದ್ದರು. "ದೇವರಿಗೆ ಕಾಣೂದಿಲ್ಲೇನು ಅಂದ್ರಿ. ನನ್ನ ಮನಸಿಗೆ ಹತ್ತಿತು. ನಿಮ್ಮ ದೇವರ ಕಡೆ ನೋಡಿದೆ, ನಿಮ್ಮ ಮೂಲಿ ಕಡೆ ನೋಡಲಿಲ್ಲ."

ಗುರುಲಿಂಗವ್ವ ಪೊಟ್ಟಣವನ್ನು ಬ್ಲಾಕಿನ ರಾಶಿಯ ಮೇಲಿಟ್ಟರು. ಅಡುಗೆಮನೆಯನ್ನು ಒಂದು ಸುತ್ತು ನೋಡಿದರು; ಒಲೆ ಬರುವ ಜಾಗ, ಕಿಟಕಿ, ಎದುರು ಗೋಡೆ. ಎದುರು ಗೋಡೆಯ ತನಕ ನಡೆದು ಅಂಗೈಯಿಂದ ತಟ್ಟಿದರು.

"ಇದರೊಳಗ ಯಾವದರ ಪೈಪ ಬರತೈತೇನ?"

"ಇಲ್ರಿ," ಎಂದ ನಜೀರಸಾಬ.

"ಹಂಗಾರ ಜಗಲಿ ಇಲ್ಲಿ ಮಾಡ್ರಿ. ಪೈಪ ಮೊದಲ ಎಲ್ಲಿತ್ತೋ ಅಲ್ಲೇ ಹಾಕ್ರಿ. ಮೂಡಣಕ್ಕ ಮಾರಿ ಮಾಡತಿದ್ದ ದೇವರು ಪಡುವಣಕ್ಕ ಮಾಡತಾರ, ಅವರೇನ ಬ್ಯಾಡಂತಾರ? ಜಗಲಿ ಅಂದ್ರ ಒಂದ ಕಲ್ಲಿನ ಹಲಗಿ. ಅದನ್ನ ಸರಸ್ರಿ ಅಂತ ಯಾರೂ ನನಗ ಕೇಳಲಿಲ್ಲ." ಆಮೇಲೆ ಮಿಸ್ತ್ರಿಗೇ ಎಂಬಂತೆ, ಸ್ವಲ್ಪ ಮೆಲ್ಲಗೆ, "ನಾನೂ ಅವತ್ತ ಕೇಳಬೇಕಿತ್ತು. ಸುಮ್ಮ ಒದರಿ ಹೋದೆ," ಎಂದರು.

"ಸ್ಲ್ಯಾಬ ನಾಳಿಗೆ ಆಗೂದಿಲ್ರಿ," ಬಸಯ್ಯ ಎಂದರು. "ಹತ್ತು ದಿನಾ ಹಿಂದ ಬೀಳತೈತಿ."

"ಬೀಳಲಿ. ಮ್ಯಾಲ ಬೀಳೂದಕ್ಕಿಂತ ಹಿಂದ ಬೀಳೂದು ಚೊಲೋ."

ಕರದಂಟು ಹಂಚಿಬಿಟ್ಟರು. ನನ್ನ ಕೈಗೆ ಎರಡು ತುಂಡು ಬಂದವು. ಹನ್ನೊಂದರ ಬಸ್ಸಿನ ಮಾತಾಡಿದವನಿಗೆ ಒಂದು ಕೊಡಲು ಹೋದೆ. ಅವನು ನಾಚಿ ಹಲಗೆ ಎತ್ತಿಕೊಂಡು ಹೊರಗೆ ಹೋದ.

ಮೂಲೆಯ ಮೇಲಿನ ಹಲಗೆ ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಿಸ್ತ್ರಿ ತಾವೇ ಮೇಲೆ ಹತ್ತಿದರು. ಒಡೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಮೇಲಿನ ಸಾಲಿನಿಂದ ಒಂದೊಂದೇ ಬ್ಲಾಕು ಸಡಿಲಿಸಿ ಕೆಳಗೆ ಕೊಟ್ಟರು, ನಾನು ಇಸಿದುಕೊಂಡು ಬದಿಗಿಟ್ಟೆ. ಚಾಣದ ಪೆಟ್ಟು, ಬ್ಲಾಕು, ಮತ್ತೆ ಚಾಣದ ಪೆಟ್ಟು. ನಾಲ್ಕು ಸಾಲು ಹೀಗೆ ಇಳಿಯಿತು. ನನ್ನನ್ನು ನಾಳೆ ಬಾ ಎನ್ನುತ್ತಾರೋ, ಬೇಡ ಎನ್ನುತ್ತಾರೋ ಗೊತ್ತಿರಲಿಲ್ಲ. ಗೊತ್ತಾಗುವ ತನಕ ಬ್ಲಾಕು ಇಸಿದುಕೊಳ್ಳುವುದು ಎಂದು ನಿಂತಿದ್ದೆ.

ಐದನೇ ಸಾಲಿಗೆ ಅವರು ಸುತ್ತಿಗೆ ಕೆಳಗಿಟ್ಟರು.

"ಆ ಹಾಳ್ಯಾಗ ಒಟ್ಟ ಎಷ್ಟ ಬರದಾರ?"

"ಒಂಬತ್ತರಿ."

"ನೀ ಎಷ್ಟ ಓದಿ?"

"ಐದ."

"ಹೋಗಿ ಕಿತ್ತಗೊಂಡ ಬಾ. ಮೊದಲಿಂದ ಓದು."

ಶೆಡ್ಡಿನ ಬಾಗಿಲಿನಿಂದ ಮೊಳೆ ಬಿಚ್ಚಿ ಹಾಳೆ ತಂದೆ. ಕೆಳಗೆ ನಿಂತು ಓದತೊಡಗಿದೆ. ಒಂದನೆಯದು. ಎರಡನೆಯದು. ಒತ್ತಕ್ಷರದಲ್ಲಿ ತಡವರಿಸಿದರೆ ಅವರು ಕಾಯುತ್ತಿದ್ದರು, ಮುಗಿದ ಮೇಲೆ "ಹೂಂ" ಎಂದು ಒಂದು ಪೆಟ್ಟು ಹಾಕುತ್ತಿದ್ದರು. ಐದು ದಾಟಿತು. ಆರನೆಯದನ್ನು ನಾನೂ ಮೊದಲ ಸಲ ಓದುತ್ತಿದ್ದೆ: 'ವಿದ್ಯುತ್ ತಂತಿಯ ಕೊಳವೆಯನ್ನು ಕೂಡಿಸಲೆಂದು, ಕಾಂಕ್ರೀಟು ತುಂಬಿದ ಪೊಳ್ಳಿನ ಮುಖವನ್ನು ಅಡ್ಡಲಾಗಿ ಕೆತ್ತಕೂಡದು.'

ಚಾಣ ನಿಂತಿತು.

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ.

ಮಿಸ್ತ್ರಿ ಮೇಲಿನಿಂದಲೇ ಪಡಸಾಲೆಯ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಬಾಗಿಲ ಮಗ್ಗುಲಿಗೆ ದೀಪದ ಗುಂಡಿಗಾಗಿ ಮಂಗಳವಾರ ಅವರೇ ಕೆತ್ತಿದ ಗೆರೆ, ಒಂದು ಗೇಣಿನಷ್ಟು, ರಾಡಿ ತುಂಬಿದ ಪೊಳ್ಳಿಗೆ ಅಡ್ಡಲಾಗಿ.

ಅವರು ಏಣಿ ಇಳಿದರು. ಮುಂಡಾಸು ಬಿಚ್ಚಿ ಮುಖ ಒರೆಸಿ ಮತ್ತೆ ಸುತ್ತಿಕೊಂಡರು. ಸುತ್ತಿಗೆಯನ್ನು ತಾವು ಇಟ್ಟುಕೊಂಡು ಚಾಣವನ್ನು ನನ್ನ ಕೈಗೆ ಕೊಟ್ಟರು.

"ನಡಿ," ಎಂದರು, "ಎಷ್ಟ ಆಳಕ್ಕ ಕೆತ್ತೇನಿ ನೋಡೂಣು. ಹಾಳಿ ತಗೊಂಡ ಬಾ."